ಓಟಿಪಿ ಕೇಳದೆ ದುಡ್ಡು ಕಟ್ ಆಗೋ ಬುಕಿಂಗ್‌ಗಳು: ಕಾರ್ಡ್ ಹೇಗೆ ಕೊಡೋದು, ದುಡ್ಡು ಹೋದ್ರೆ ಹೇಗೆ ವಾಪಸ್ ತರೋದು

ನಮ್ಮಲ್ಲಿ ಸಿನಿಮಾ ಟಿಕೆಟ್‌ಗೂ ಓಟಿಪಿ, ರೈಲು ಟಿಕೆಟ್‌ಗೂ ಓಟಿಪಿ. ಅದೇ ಅಭ್ಯಾಸದಲ್ಲಿ ಬಾಲಿಯಲ್ಲೋ ವಿಯೆಟ್ನಾಂನಲ್ಲೋ ಹೋಟೆಲ್ ಬುಕ್ ಮಾಡೋಕೆ ಕೂತವರು ಕಾರ್ಡ್ ನಂಬರ್ ಹಾಕ್ತಾರೆ, ಎಕ್ಸ್‌ಪೈರಿ ಹಾಕ್ತಾರೆ, ಹಿಂದಿರೋ ಮೂರಂಕಿ (ಸಿವಿವಿ) ಹಾಕ್ತಾರೆ, ಬಟನ್ ಒತ್ತಿ ಓಟಿಪಿ ಬರುತ್ತೆ ಅಂತ ಫೋನ್ ಹಿಡ್ಕೊಂಡು ಕಾಯ್ತಾರೆ, ಬರೋದು ಮಾತ್ರ ನೇರವಾಗಿ ದುಡ್ಡು ಖರ್ಚಾಯ್ತು ಅನ್ನೋ ಮೆಸೇಜು. ಕೆಲವು ಕಡೆ ಸಿವಿವಿ ಕೂಡ ಕೇಳಲ್ಲ. ಅಯ್ಯೋ ಹಾಗಾದ್ರೆ ನನ್ನ ಕಾರ್ಡ್ ನಂಬರ್ ಸಿಕ್ಕಿದ ಯಾರು ಬೇಕಾದ್ರೂ ಹೀಗೇ ಬಳಸ್ಬೋದಲ್ಲ ಅಂತ ಅನ್ಸುತ್ತೆ. ಹೌದು, ಬಳಸ್ಬೋದು. ಆದ್ರೆ ಅದನ್ನ ತಡೆಯೋ ಸ್ವಿಚ್ಚು ನಿಮ್ಮ ಬ್ಯಾಂಕ್ ಆಪ್ ಒಳಗೇ ಇದೆ, ಮತ್ತೆ ಓಟಿಪಿ ಇಲ್ಲದೆ ಹೋದ ದುಡ್ಡನ್ನ ವಾಪಸ್ ಕೇಳೋಕೆ ನಿಮ್ಮ ಕೈಯಲ್ಲಿ ಓಟಿಪಿ ಕೊಟ್ಟು ಹೋದ ದುಡ್ಡಿಗಿಂತ ಗಟ್ಟಿ ಆಧಾರ ಇರುತ್ತೆ. ಇವೆರಡೂ ಗೊತ್ತಿದ್ರೆ ಆರಾಮಾಗಿ ಬುಕ್ ಮಾಡ್ಬೋದು.

ಅವರು ಓಟಿಪಿ ಯಾಕೆ ಕೇಳಲ್ಲ

ಭಾರತದ ಒಳಗಿನ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ಹಂತದ ದೃಢೀಕರಣ (ಓಟಿಪಿ ಥರದ್ದು) ಕಡ್ಡಾಯ ಅಂತ ಆರ್‌ಬಿಐ ಆಗಸ್ಟ್ 2009ರಿಂದ ಮಾಡಿದೆ. ಆಗ ಬೇಕಾದಷ್ಟು ಜನ ಬೈದ್ರು, ಪೇಮೆಂಟ್ ಅರ್ಧಕ್ಕೆ ನಿಲ್ಲುತ್ತೆ ಅಂತ. ಆದ್ರೆ ಆ ನಿಯಮ ಅಂಗಡಿಯವನ ಬ್ಯಾಂಕೂ ಭಾರತದಲ್ಲೇ ಇದ್ದಾಗ ಮಾತ್ರ ನಡೆಯೋದು. ಅಂಗಡಿ ಹೊರದೇಶದ್ದು, ಅವನ ಬ್ಯಾಂಕೂ ಹೊರದೇಶದ್ದು ಅಂದ್ರೆ ನಮ್ಮ ಆರ್‌ಬಿಐ ಅವರಿಗೆ ಓಟಿಪಿ ಕೇಳ್ರಪ್ಪ ಅಂತ ಹೇಳೋಕಾಗಲ್ಲ. ಈ ಸಂದಿಯಲ್ಲೇ ಊಬರ್ ಶುರುವಲ್ಲಿ ನಮ್ಮೂರ ಟ್ಯಾಕ್ಸಿ ಬಾಡಿಗೆಯನ್ನೂ ವಿದೇಶದ ಮೂಲಕ ತಗೊಳ್ತಾ ಇತ್ತು, ಆಮೇಲೆ ಆಗಸ್ಟ್ 2014ರಲ್ಲಿ ಆರ್‌ಬಿಐ ಸುತ್ತೋಲೆ ಹೊರಡಿಸಿ, ಭಾರತದೊಳಗಿನ ಸೇವೆಗೆ ಹೀಗೆಲ್ಲ ಸುತ್ತು ಹಾಕಿ ದುಡ್ಡು ತಗೊಳ್ಳೋ ಹಾಗಿಲ್ಲ ಅಂತ ಅಕ್ಟೋಬರ್ ಕೊನೆವರೆಗೆ ಗಡುವು ಕೊಡ್ತು.

ಯುರೋಪಲ್ಲೂ ಇಂಥದ್ದೇ ಕಾನೂನು ಬಂದಿದೆ, ಆನ್‌ಲೈನ್ ಕಾರ್ಡ್ ಪೇಮೆಂಟ್‌ಗೆ 2021ರ ಶುರುವಿಂದ ಗಟ್ಟಿಯಾಗಿ ಜಾರಿ ಮಾಡಿದ್ರು, ಬ್ರಿಟನ್‌ನಲ್ಲಿ ಮಾರ್ಚ್ 2022ರಿಂದ. ಆದ್ರೆ ಅಲ್ಲೂ ಹೋಟೆಲ್‌ನವರು ಕಾರ್ಡ್ ನಂಬರ್ ನೋಡ್ಕೊಂಡು ತಮ್ಮ ಮೆಷಿನ್‌ನಲ್ಲಿ ಕೈಯಾರೆ ಒತ್ತಿದ್ರೆ ಅದು ಫೋನ್ ಆರ್ಡರ್ ಲೆಕ್ಕಕ್ಕೆ ಹೋಗುತ್ತೆ, ಅದಕ್ಕೆ ದೃಢೀಕರಣ ಬೇಕಿಲ್ಲ. ಅಮೆರಿಕದಲ್ಲಂತೂ ಈ ಥರದ ಕಡ್ಡಾಯವೇ ಇಲ್ಲ.

ನಮ್ಮ ಕಡೆಯಿಂದ ಒಂದು ಬದಲಾವಣೆ ಆಗ್ತಿದೆ. ಸೆಪ್ಟೆಂಬರ್ 2025ರಲ್ಲಿ ಆರ್‌ಬಿಐ ಹೊರಡಿಸಿದ ನಿರ್ದೇಶನದ ಪ್ರಕಾರ, ವಿದೇಶಿ ಅಂಗಡಿಯವರು ದೃಢೀಕರಣ ಮಾಡಿಕೊಡಿ ಅಂತ ಕೇಳಿದಾಗ ಮಾಡಿಕೊಡೋ ವ್ಯವಸ್ಥೆ ನಮ್ಮ ಬ್ಯಾಂಕುಗಳಲ್ಲಿ ಅಕ್ಟೋಬರ್ 1, 2026ರೊಳಗೆ ಇರಲೇಬೇಕು. ಓದೋಕೆ ಚೆನ್ನಾಗಿದೆ, ಆದ್ರೆ ಅದರಲ್ಲಿರೋ "ಕೇಳಿದಾಗ" ಅನ್ನೋದನ್ನ ಗಮನಿಸಿ. ಅವರು ಕೇಳದೇ ಇದ್ರೆ ಕಥೆ ಮೊದಲಿನ ಹಾಗೇ.

ಹಾಗಾದ್ರೆ ಆ ಸೈಟು ಏನು ಚೆಕ್ ಮಾಡುತ್ತೆ

ಇದು ಸ್ವಲ್ಪ ತಿಳ್ಕೊಂಡಿದ್ರೆ ಒಳ್ಳೇದು, ಯಾಕಂದ್ರೆ ಕಾರ್ಡ್ ವೆರಿಫೈಡ್ ಅಂತ ಹಸಿರು ಟಿಕ್ ಬಂದ ತಕ್ಷಣ ಬ್ಯಾಂಕೇ ಒಪ್ಪಿದೆ ಅಂದ್ಕೊಳ್ತಾರೆ ಜನ. ಎಷ್ಟೋ ಸಲ ಬ್ಯಾಂಕನ್ನ ಕೇಳೇ ಇರಲ್ಲ.

ಎಲ್ಲಕ್ಕಿಂತ ಸಡಿಲ ಚೆಕ್ ಅಂದ್ರೆ ನಂಬರಿನ ಲೆಕ್ಕ. ಕಾರ್ಡ್ ನಂಬರಿನ ಕೊನೇ ಅಂಕಿ ಸುಮ್ನೆ ಹಾಕಿರೋದಲ್ಲ, ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಡಬಲ್ ಮಾಡಿ (ಎರಡಂಕಿ ಬಂದ್ರೆ ಅವೆರಡನ್ನೂ ಕೂಡಿಸಿ) ಎಲ್ಲಾ ಸೇರಿಸಿದ್ರೆ ಮೊತ್ತ ಹತ್ತರಿಂದ ಭಾಗ ಹೋಗ್ಬೇಕು. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಅನ್ನೋರು 1954ರಲ್ಲೇ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ರು. ಟೈಪ್ ಮಾಡುವಾಗ ಒಂದಂಕಿ ತಪ್ಪಿದ್ರೆ ಹಿಡಿಯೋಕೆ ಅಂತ ಮಾಡಿದ್ದು ಅಷ್ಟೇ, ಆ ನಂಬರಿನ ಹಿಂದೆ ನಿಜವಾದ ಖಾತೆ ಇದೆಯಾ, ಅದು ಯಾರದ್ದು ಅನ್ನೋದು ಇದಕ್ಕೆ ಗೊತ್ತಾಗೋದೇ ಇಲ್ಲ. ಅಲ್ಲಿಗೇ ಹೋಗಿ ಪೇ ಮಾಡಿ ಅನ್ನೋ ಬುಕಿಂಗ್‌ಗಳಲ್ಲಿ ಕೆಲವು ಸಲ ಈ ಲೆಕ್ಕ ಮತ್ತೆ ಎಕ್ಸ್‌ಪೈರಿ ತಾರೀಖು ಸರಿ ಇದ್ರೆ ಸಾಕು, ರೂಮ್ ಕನ್ಫರ್ಮ್. ಕಾರ್ಡು ಅಸಲಿಗೆ ನಡೆಯುತ್ತಾ ಇಲ್ವಾ ಅನ್ನೋದು ಹೋಟೆಲ್‌ನವರು ಆಮೇಲೆ ದುಡ್ಡು ಎಳೆಯೋಕೆ ಹೋದಾಗಲೇ ಗೊತ್ತಾಗೋದು.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಬ್ಯಾಂಕಿಗೆ ಸೊನ್ನೆ ರೂಪಾಯಿಯದ್ದೋ ಒಂದು ಡಾಲರ್‌ದ್ದೋ ಕೋರಿಕೆ ಕಳಿಸಿ ಕಾರ್ಡ್ ಜೀವಂತವಾಗಿದೆಯಾ ನೋಡೋದು. ಒಂದು ಡಾಲರ್ ಹೋಯ್ತು ಅಂತ ಮೆಸೇಜ್ ಬಂದು ಆಮೇಲೆ ಅದು ಸ್ಟೇಟ್‌ಮೆಂಟ್‌ನಲ್ಲೇ ಕಾಣದೆ ಹೋದ್ರೆ ಗಾಬರಿ ಬೇಡ, ಇದೇ ಅದು. ಆದ್ರೆ ನೀವೇನೂ ಬುಕ್ ಮಾಡದೇ ಇರುವಾಗ ಇಂಥ ಚಿಲ್ಲರೆ ಮೊತ್ತದ ಮೆಸೇಜ್ ಬಂದ್ರೆ ಖಂಡಿತ ಗಾಬರಿ ಆಗಿ, ಕದ್ದ ನಂಬರುಗಳಲ್ಲಿ ಯಾವುದು ಓಡುತ್ತೆ ಅಂತ ಕಳ್ಳರು ಟೆಸ್ಟ್ ಮಾಡೋದೂ ಹೀಗೇ, ದೊಡ್ಡ ಮೊತ್ತ ಆಮೇಲೆ ಬರುತ್ತೆ.

ಮೂರನೇದು ಸಿವಿವಿ. ಪೇಮೆಂಟ್ ಒಪ್ಪಿಗೆ ಆದ ಮೇಲೆ ಸಿವಿವಿಯನ್ನ ಯಾರೂ ಇಟ್ಕೊಳ್ಳೋ ಹಾಗಿಲ್ಲ, ಎನ್‌ಕ್ರಿಪ್ಟ್ ಮಾಡಿ ಕೂಡ ಇಡಂಗಿಲ್ಲ ಅಂತ ಕಾರ್ಡ್ ಉದ್ಯಮದ್ದೇ ಭದ್ರತಾ ನಿಯಮ ಇದೆ. ಅದಕ್ಕೇ ಎರಡು ತಿಂಗಳು ಆದ್ಮೇಲೆ ಹೋಟೆಲ್‌ನವರು ದುಡ್ಡು ಎಳೆದಾಗ ಸಿವಿವಿ ಇಲ್ಲದೇನೇ ಎಳೀತಾರೆ, ಅದು ನಡೆಯುತ್ತೆ ಕೂಡ. ನಾಲ್ಕನೇದು ಅಡ್ರೆಸ್ ತಾಳೆ ನೋಡೋದು, ಅಮೆರಿಕ, ಕೆನಡಾ, ಬ್ರಿಟನ್‌ನಲ್ಲಿ ಮನೆ ನಂಬರು ಮತ್ತೆ ಪಿನ್‌ಕೋಡನ್ನ ಬ್ಯಾಂಕಿನ ದಾಖಲೆ ಜೊತೆ ಹೋಲಿಸ್ತಾರೆ. ನಮ್ಮ ಕಾರ್ಡುಗಳಿಗೆ ಇದರಿಂದ ಉಪಯೋಗಕ್ಕಿಂತ ತಲೆನೋವೇ ಜಾಸ್ತಿ, ನಮ್ಮ ಪಿನ್‌ಕೋಡ್ ಆರಂಕಿ, ಅವರ ಬಾಕ್ಸಲ್ಲಿ ಐದೇ ಅಂಕಿಗೆ ಜಾಗ.

ಕೊನೇದು ಓಟಿಪಿ ಪುಟ ತೆರೆಯೋ ತ್ರೀ ಡಿ ಸೆಕ್ಯೂರ್ ವ್ಯವಸ್ಥೆ. ಅಂಗಡಿಯವನು ಇದನ್ನ ಬಳಸಿದ್ರೆ, ಆಮೇಲೆ ಗ್ರಾಹಕ ನಾನು ಮಾಡಿಲ್ಲ ಅಂತ ದೂರು ಕೊಟ್ಟಾಗ ನಷ್ಟ ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆಗೆ ಜರುಗುತ್ತೆ. ಬಳಸದೇ ಇದ್ರೆ ಸಾಮಾನ್ಯವಾಗಿ ನಷ್ಟ ಅಂಗಡಿಯವನದ್ದೇ. ಹಾಗಾದ್ರೆ ಅವರು ಬಳಸಬಾರದಾ ಅಂತ ಕೇಳ್ತೀರಾ? ಒಂದು ಪುಟ ಜಾಸ್ತಿ ಆದ್ರೆ ಅರ್ಧ ಗಿರಾಕಿಗಳು ಬಿಟ್ಟು ಹೋಗ್ತಾರೆ ಅನ್ನೋ ಭಯ ಅವರಿಗೆ, ಅಲ್ಲೊಂದು ಇಲ್ಲೊಂದು ಮೋಸದ ನಷ್ಟ ಭರಿಸೋದೇ ಮೇಲು ಅಂತ ವ್ಯಾಪಾರದ ಲೆಕ್ಕ ಹಾಕಿರ್ತಾರೆ. ಅಂದ್ರೆ ಓಟಿಪಿ ಇಲ್ಲದಿರೋದು ಅವರ ಬೇಜವಾಬ್ದಾರಿ ಅನ್ನೋದಕ್ಕಿಂತ ಅವರೇ ತಲೆ ಮೇಲೆ ಹಾಕ್ಕೊಂಡ ರಿಸ್ಕು. ಇದನ್ನ ನೆನಪಲ್ಲಿಟ್ಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತೆ.

ಬುಕ್ ಮಾಡೋ ಮೊದಲು: ಸ್ವಿಚ್ಚು

ಜನವರಿ 2020ರಲ್ಲಿ ಬಂದು ಅದೇ ವರ್ಷ ಅಕ್ಟೋಬರ್‌ನಿಂದ ಪೂರ್ತಿ ಜಾರಿಯಾದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್ ಬಂದಾಗ ಅದು ದೇಶದೊಳಗಿನ ಎಟಿಎಂ ಮತ್ತೆ ಸ್ವೈಪ್ ಮೆಷಿನ್‌ಗೆ ಮಾತ್ರ ಆನ್ ಇರ್ಬೇಕು, ಆನ್‌ಲೈನು, ಇಂಟರ್‌ನ್ಯಾಶನಲ್ಲು, ಟ್ಯಾಪ್ ಮಾಡೋದು ಎಲ್ಲಾ ನೀವು ಕೇಳಿದ ಮೇಲಷ್ಟೇ. ಆನ್ ಆಫ್ ಮಾಡೋ ಸೌಲಭ್ಯ, ಲಿಮಿಟ್ ಇಡೋ ಸೌಲಭ್ಯ ಹಗಲು ರಾತ್ರಿ ಕೊಡ್ಬೇಕು ಅಂತಾನೂ ಇದೆ. ಈ ಸೌಲಭ್ಯ ಎಲ್ಲಾ ಬ್ಯಾಂಕ್ ಆಪ್‌ಗಳಲ್ಲೂ ಇದ್ರೂ ಯಾವ್ದೋ ಮೂಲೆಯಲ್ಲಿ ಕೂತಿರುತ್ತೆ, ಕಾರ್ಡ್ ಕಂಟ್ರೋಲ್ ಅಂತಲೋ ಮ್ಯಾನೇಜ್ ಕಾರ್ಡ್ ಅಂತಲೋ ಯೂಸೇಜ್ ಸೆಟ್ಟಿಂಗ್ಸ್ ಅಂತಲೋ ಹೆಸರು. ಹುಡುಕಿ.

ಅಲ್ಲಿ ಮಾಡ್ಬೇಕಾಗಿರೋದು ಇಷ್ಟು. ಇಂಟರ್‌ನ್ಯಾಶನಲ್ ಕೆಳಗೆ ಆನ್‌ಲೈನ್, ಸ್ವೈಪ್, ಎಟಿಎಂ ಬೇರೆ ಬೇರೆ ಇರುತ್ತೆ. ಮಾಮೂಲಿ ದಿನಗಳಲ್ಲಿ ಇಂಟರ್‌ನ್ಯಾಶನಲ್ ಆನ್‌ಲೈನ್ ಆಫ್ ಇರ್ಲಿ, ನಿಮ್ಮ ನಂಬರ್ ಎಲ್ಲಿ ಲೀಕ್ ಆದ್ರೂ ಹೊರದೇಶದ ಸೈಟಲ್ಲಿ ಅದು ಓಡಲ್ಲ, ಭಾರತದ ಸೈಟಲ್ಲಿ ಓಡಿಸೋಕೆ ಓಟಿಪಿ ಬೇಕು, ಎರಡೂ ಕಡೆ ಬಾಗಿಲು ಮುಚ್ಚಿದ ಹಾಗೆ. ಬುಕ್ ಮಾಡೋ ದಿನ ಆನ್ ಮಾಡಿ, ಲಿಮಿಟನ್ನ ಬುಕಿಂಗ್ ಮೊತ್ತಕ್ಕಿಂತ ಸ್ವಲ್ಪ ಜಾಸ್ತಿ ಇಡಿ. ಸರಿಯಾಗಿ ಅಷ್ಟೇ ಇಟ್ರೆ ಫೇಲ್ ಆಗುತ್ತೆ, ಯಾಕಂದ್ರೆ ಡಾಲರ್ ರೇಟು ಹೆಚ್ಚು ಕಮ್ಮಿ ಆಗುತ್ತೆ, ಅದರ ಮೇಲೆ ಬಹಳಷ್ಟು ಕಾರ್ಡ್‌ಗಳಲ್ಲಿ ಮೂರೂವರೆ ಪರ್ಸೆಂಟ್‌ವರೆಗೆ ಮಾರ್ಕಪ್ (ಹೊರದೇಶದ ವ್ಯವಹಾರಕ್ಕೆ ಬ್ಯಾಂಕ್ ಹಾಕೋ ಶುಲ್ಕ), ಆ ಮಾರ್ಕಪ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಸೈಟು ರೂಪಾಯಿಯಲ್ಲಿ ರೇಟ್ ತೋರಿಸಿದ ಮಾತ್ರಕ್ಕೆ ಅದು ಭಾರತದ ವ್ಯವಹಾರ ಅಂತ ತಿಳ್ಕೋಬೇಡಿ, ರೂಪಾಯಿಯಲ್ಲೇ ಕಟ್ ಆದ್ರೂ ದುಡ್ಡು ತಗೊಳ್ಳೋರು ಹೊರಗಿನವರಾದ್ರೆ ಅದು ಇಂಟರ್‌ನ್ಯಾಶನಲ್ಲೇ.

ದೊಡ್ಡ ಹೆಸರಿನ ಸೈಟು, ಬೀಗದ ಗುರುತು ಇದೆ, ನನಗ್ಯಾಕೆ ಇದೆಲ್ಲ ಅನ್ನೋರಿಗೆ ಬ್ರಿಟಿಷ್ ಏರ್‌ವೇಸ್ ಕಥೆ ಹೇಳ್ಬೇಕು. 2018ರಲ್ಲಿ ಅವರ ವೆಬ್‌ಸೈಟಿನ ಒಳಗೇ ಹ್ಯಾಕರ್‌ಗಳು ಒಂದು ಚಿಕ್ಕ ಸ್ಕ್ರಿಪ್ಟ್ ಸೇರಿಸಿಬಿಟ್ಟಿದ್ರು, ಜನ ಅಸಲಿ ಸೈಟಲ್ಲೇ ಕಾರ್ಡ್ ವಿವರ ಹಾಕ್ತಾ ಇದ್ರು, ಅದು ಕಳ್ಳರಿಗೂ ಹೋಗ್ತಾ ಇತ್ತು. ನಾಲ್ಕು ಲಕ್ಷಕ್ಕಿಂತ ಹೆಚ್ಚು ಗ್ರಾಹಕರ ಮಾಹಿತಿ ಹೋಯ್ತು, ಅಲ್ಲಿನ ಮಾಹಿತಿ ಆಯುಕ್ತರು ಅಕ್ಟೋಬರ್ 2020ರಲ್ಲಿ 2 ಕೋಟಿ ಪೌಂಡ್ ದಂಡ ಹಾಕಿದ್ರು. ಅಲ್ಲಿ ಬುಕ್ ಮಾಡಿದವರಿಗೆ ಅನುಮಾನ ಬರೋಕೆ ಕಣ್ಣಿಗೆ ಏನೂ ಕಾಣ್ತಿರ್ಲಿಲ್ಲ, ಎಷ್ಟು ಹುಷಾರಾಗಿದ್ರೂ ಅಷ್ಟೇ.

ಡೆಬಿಟ್ ಕಾರ್ಡ್ ಈ ಕೆಲಸಕ್ಕೆ ಬೇಡ್ವೇ ಬೇಡ. ಕ್ರೆಡಿಟ್ ಕಾರ್ಡಲ್ಲಿ ಮೋಸ ಆದ್ರೆ ಜಗಳ ಬ್ಯಾಂಕಿನ ದುಡ್ಡಿನ ಮೇಲೆ, ಡೆಬಿಟ್‌ನಲ್ಲಾದ್ರೆ ನಿಮ್ಮ ಸಂಬಳದ ದುಡ್ಡು ಖಾತೆಯಿಂದ ಹೋಗಿ ಆಗಿರುತ್ತೆ, ಇಎಂಐ ಬೌನ್ಸ್ ಆಗೋದು ಬೇರೆ. ನಿಮ್ಮ ಬ್ಯಾಂಕು ವರ್ಚುವಲ್ ಕಾರ್ಡ್ (ಕೈಗೆ ಪ್ಲಾಸ್ಟಿಕ್ ಇಲ್ಲದೆ ಆಪಲ್ಲಿ ಬರೀ ನಂಬರಾಗಿ ಸಿಗೋದು) ಕೊಡ್ತಿದ್ರೆ, ಅದು ಇಂಟರ್‌ನ್ಯಾಶನಲ್ ಓಡುತ್ತೆ ಅಂತಾದ್ರೆ, ಒಮ್ಮೆಲೇ ಪೂರ್ತಿ ಪೇ ಮಾಡೋ ಬುಕಿಂಗ್‌ಗೆ ಅದು ಬೆಸ್ಟ್. ಹೋಟೆಲಿಗೆ ಹೋಗಿ ಪೇ ಮಾಡೋದಕ್ಕೆ ಬೇಡ, ಅಲ್ಲಿ ಕೌಂಟರಲ್ಲಿ ಅದೇ ಕಾರ್ಡ್ ತೋರಿಸಿ ಅಂದ್ರೆ ತೋರಿಸೋಕೆ ಏನಿದೆ?

ಈಗಲೇ ಪೇ ಮಾಡೋದಾ, ಅಲ್ಲಿ ಹೋಗಿ ಮಾಡೋದಾ

ಅಲ್ಲಿ ಹೋಗಿ ಪೇ ಮಾಡಿ ಅನ್ನೋದು ಸೇಫ್ ಅನ್ಸುತ್ತೆ, ದುಡ್ಡು ಹೋಗಿಲ್ವಲ್ಲ ಅಂತ. ಕಾರ್ಡ್ ವಿಷಯದಲ್ಲಿ ಇದೇ ಸ್ವಲ್ಪ ಉಲ್ಟಾ. ಈಗಲೇ ಪೇ ಮಾಡಿದ್ರೆ ಬುಕಿಂಗ್ ಸೈಟೇ ನಿಮ್ಮ ದುಡ್ಡು ತಗೊಂಡು ಹೋಟೆಲಿಗೆ ತನ್ನ ಕಡೆಯಿಂದ ಕೊಡುತ್ತೆ, ನಿಮ್ಮ ಕಾರ್ಡ್ ನಂಬರು ಹೋಟೆಲಿಗೆ ಹೋಗ್ಬೇಕಾಗೇ ಇಲ್ಲ. ಅಲ್ಲಿ ಹೋಗಿ ಪೇ ಮಾಡೋದಾದ್ರೆ ಬುಕಿಂಗ್ ಗ್ಯಾರಂಟಿಗೆ ಅಂತ ತಗೊಂಡ ನಂಬರು ಹೋಟೆಲ್ ಸಿಬ್ಬಂದಿಯ ಕಂಪ್ಯೂಟರ್ ಪರದೆ ಮೇಲೆ ಕಾಣೋ ಸಾಧ್ಯತೆ ಇರುತ್ತೆ, ಅವರು ಅದನ್ನ ನೋಡಿ ಮೆಷಿನ್‌ಗೆ ಒತ್ತಬೇಕು. ರಿಸೆಪ್ಷನ್‌ನಲ್ಲಿ ಯಾರ್ ಯಾರು ಕೂರ್ತಾರೆ, ಪಕ್ಕದಲ್ಲಿ ಚೀಟಿ ಮೇಲೆ ಬರ್ಕೊಂಡ್ರಾ, ಯಾರಿಗೆ ಗೊತ್ತು.

2018ರ ಕೊನೆಯಲ್ಲಿ ಇದೇ ಆಯ್ತು. ಅರಬ್ ಎಮಿರೇಟ್ಸ್‌ನ 40 ಹೋಟೆಲ್‌ಗಳ ಸಿಬ್ಬಂದಿಗೆ ವಂಚಕರು ಫೋನಲ್ಲಿ ಮಾತಾಡಿ ನಂಬಿಸಿ ಬುಕಿಂಗ್ ಡಾಟ್ ಕಾಮ್‌ನ ಲಾಗಿನ್ ಕಿತ್ಕೊಂಡ್ರು, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ವಿವರ ಸಿಕ್ತು, ಅದರಲ್ಲಿ 283 ಜನರದ್ದು ಕಾರ್ಡ್ ಮಾಹಿತಿ, 97 ಜನರದ್ದು ಸಿವಿವಿ ಸಮೇತ. ನೆದರ್‌ಲ್ಯಾಂಡ್ಸ್‌ನ ಡೇಟಾ ಪ್ರಾಧಿಕಾರ ಆಮೇಲೆ 4,75,000 ಯುರೋ ದಂಡ ಹಾಕಿತು, ಅದೂ ಲೀಕ್ ಆಗಿದ್ದಕ್ಕಲ್ಲ, ತಡವಾಗಿ ತಿಳಿಸಿದ್ದಕ್ಕೆ.

ಹಾಗಂತ ಯಾವಾಗಲೂ ಮೊದಲೇ ಪೇ ಮಾಡಿ ಅಂತ ಹೇಳ್ತಿಲ್ಲ, ಪ್ಲ್ಯಾನ್ ಬದಲಾದ್ರೆ ರೀಫಂಡ್ ಬರೋ ಹೊತ್ತಿಗೆ ರೇಟು ಬದಲಾಗಿ ಒಂದಿಷ್ಟು ಕೈ ಬಿಟ್ಟು ಹೋಗುತ್ತೆ. ತಾರೀಖು ಗ್ಯಾರಂಟಿ ಇದ್ರೆ ಮೊದಲೇ ಪೇ, ಗ್ಯಾರಂಟಿ ಇಲ್ಲದಿದ್ರೆ ಅಲ್ಲೇ ಹೋಗಿ ಪೇ, ಆದ್ರೆ ಲಿಮಿಟ್ ಕಡಿಮೆ ಇಟ್ಟ ಕಾರ್ಡಲ್ಲಿ. ಇದು ನನ್ನ ಲೆಕ್ಕ.

ಕಾರ್ಡ್ ಸೇವ್ ಮಾಡ್ಲಾ ಅಂತ ಕೇಳಿದ್ರೆ? ಭಾರತದ ಸೈಟಾದ್ರೆ ಪರವಾಗಿಲ್ಲ, ಅಕ್ಟೋಬರ್ 2022ರಿಂದ ಇಲ್ಲಿನ ಅಂಗಡಿಯವರು ಅಸಲಿ ನಂಬರ್ ಇಟ್ಕೊಳ್ಳೋ ಹಾಗಿಲ್ಲ, ಟೋಕನ್ (ಅಸಲಿ ನಂಬರಿನ ಬದಲಿಗೆ ಇಡೋ ಗುರುತಿನ ಸಂಖ್ಯೆ) ಮಾತ್ರ. ಹೊರಗಿನ ಸೈಟಾದ್ರೆ ಟಿಕ್ ತೆಗೀರಿ.

ಹೋಟೆಲ್ ಹೆಸರಲ್ಲಿ ಬರೋ ಮೆಸೇಜು

ಇವತ್ತಿನ ದಿನ ಎಲ್ಲಕ್ಕಿಂತ ಡೇಂಜರ್ ಇದು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಬುಕಿಂಗ್ ಸಮಯದಲ್ಲಿ ಕಾರ್ಡನ್ನ ಸರಿಯಾಗಿ ಚೆಕ್ ಮಾಡಿರಲ್ಲ ಅಂತ ಹೇಳಿದ್ನಲ್ಲ, ಹಾಗಾಗಿ ನಿಜವಾಗಲೂ ಎಷ್ಟೋ ಸಲ ಆಮೇಲೆ "ನಿಮ್ಮ ಕಾರ್ಡ್ ನಡೀಲಿಲ್ಲ, ಇಷ್ಟು ಗಂಟೆಯೊಳಗೆ ಬೇರೆ ಕಾರ್ಡ್ ಕೊಡಿ, ಇಲ್ಲಾಂದ್ರೆ ಬುಕಿಂಗ್ ಕ್ಯಾನ್ಸಲ್" ಅಂತ ಅಸಲಿ ಮೆಸೇಜೇ ಬರುತ್ತೆ. ವಂಚಕರು ಹಿಡ್ಕೊಂಡಿರೋದು ಇದನ್ನೇ. ಹೋಟೆಲ್ ಕಂಪ್ಯೂಟರಿಗೆ ಮೇಲ್ ಮೂಲಕ ವೈರಸ್ ಬಿಟ್ಟು, ಬುಕಿಂಗ್ ಸೈಟಿನ ಅವರ ಲಾಗಿನ್ ಕದ್ದು, ಆ ಸೈಟಿನ ಅಧಿಕೃತ ಆಪ್ ಒಳಗಿನ ಚಾಟಲ್ಲೇ ನಿಮಗೆ ಮೆಸೇಜ್ ಹಾಕ್ತಾರೆ. ನಿಮ್ಮ ಹೆಸರು, ಚೆಕ್ ಇನ್ ತಾರೀಖು, ರೂಮಿನ ರೇಟು ಎಲ್ಲಾ ಕರೆಕ್ಟಾಗಿರುತ್ತೆ, 2023ರಿಂದ ಈಚೆಗೆ ಇದು ಜಗತ್ತಿನ ಎಲ್ಲಾ ಕಡೆ ನಡೀತಿದೆ. ಜೊತೆಗೊಂದು ಲಿಂಕು, ಅದು ಬುಕಿಂಗ್ ಸೈಟಿನ ಹಾಗೇ ಕಾಣೋ ಪುಟ, ಅಲ್ಲಿ ಕಾರ್ಡು, ಸಿವಿವಿ, ಕೊನೆಗೆ ಓಟಿಪಿ ಕೂಡ ಕೇಳುತ್ತೆ. ವೆರಿಫಿಕೇಶನ್‌ಗೆ ಅಷ್ಟೇ, ದುಡ್ಡು ಕಟ್ ಆಗಲ್ಲ ಅಂತ ಬರೆದಿರುತ್ತೆ.

ಮೆಸೇಜ್ ಎಲ್ಲಿಂದ ಬಂತು ಅನ್ನೋದರಿಂದ ಅಸಲಿ ನಕಲಿ ಗೊತ್ತಾಗಲ್ಲ ಇಲ್ಲಿ, ಬಂದಿದ್ದು ಅಸಲಿ ಜಾಗದಿಂದಾನೇ. ಅದಕ್ಕೇ ಲಿಂಕ್ ಮುಟ್ಟಲೇಬೇಡಿ. ಆಪ್ ಮುಚ್ಚಿ ಮತ್ತೆ ತೆಗೆದು ನಿಮ್ಮ ಬುಕಿಂಗ್ ಒಳಗೆ ಹೋಗಿ ಪೇಮೆಂಟ್ ಅಂತ ಇರೋ ಜಾಗ ನೋಡಿ, ನಿಜವಾಗಿ ಕಾರ್ಡ್ ಸಮಸ್ಯೆ ಇದ್ರೆ ಅಲ್ಲೇ ಕಾರ್ಡ್ ಅಪ್‌ಡೇಟ್ ಮಾಡಿ ಅಂತ ತೋರಿಸುತ್ತೆ. ಅಲ್ಲಿ ಏನೂ ಇಲ್ಲ, ಚಾಟಲ್ಲಿ ಮಾತ್ರ ಗಡಿಬಿಡಿ ಅಂದ್ರೆ ಮೋಸ. ಹೋಟೆಲಿಗೆ ಫೋನ್ ಮಾಡೋದಾದ್ರೆ ಆ ಮೆಸೇಜಲ್ಲಿರೋ ನಂಬರಿಗೆ ಮಾಡ್ಬೇಡಿ, ಹೋಟೆಲಿನ ಸ್ವಂತ ವೆಬ್‌ಸೈಟಿಂದ ತಗೊಳ್ಳಿ. ಮತ್ತೆ ಓಟಿಪಿ ಮೆಸೇಜನ್ನ ಪೂರ್ತಿ ಓದಿ, ಅದರಲ್ಲಿ ಮೊತ್ತ ಮತ್ತೆ ಯಾರಿಗೆ ಹೋಗ್ತಿದೆ ಅನ್ನೋದು ಇರುತ್ತೆ, ಬರೀ ವೆರಿಫಿಕೇಶನ್ ಅಂದಿದ್ದು ಅಲ್ಲಿ ನಲವತ್ತು ಸಾವಿರ ಅಂತ ಇದ್ರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಸಣ್ಣ ಹೋಟೆಲ್‌ನವರು, ಟೂರ್ ಏಜೆಂಟ್‌ಗಳು ಕಾರ್ಡಿನ ಎರಡೂ ಕಡೆ ಫೋಟೋ ತೆಗೆದು ವಾಟ್ಸಾಪ್ ಮಾಡಿ ಅಂತಾರೆ. ಮೋಸ ಮಾಡೋಕೇ ಕೇಳ್ತಾರೆ ಅಂತಲ್ಲ, ಅವರಿಗೆ ಅದೇ ರೂಢಿ. ಆದ್ರೂ ಕೊಡ್ಬೇಡಿ. ಪೇಮೆಂಟ್ ಲಿಂಕ್ ಕಳಿಸಿ ಅಂತ ಕೇಳಿ, ಇಲ್ಲಾಂದ್ರೆ ಬುಕಿಂಗ್ ಸೈಟ್ ಮೂಲಕಾನೇ ಮಾಡ್ತೀನಿ ಅನ್ನಿ. ಎರಡೂ ಆಗಲ್ಲ ಅಂದ್ರೆ ಬೇರೆ ಹೋಟೆಲ್ ನೋಡಿ, ಜಗತ್ತಲ್ಲಿ ಹೋಟೆಲಿಗೇನು ಬರ.

ಅಪ್ಪ ಅಮ್ಮನಿಗೆ ಟಿಕೆಟ್ ಮಾಡೋರಿಗೆ ಒಂದು ಮಾತು. ಆನ್‌ಲೈನಲ್ಲಿ ಸರಿಯಾಗಿ ಚೆಕ್ ಮಾಡದೇ ಇರೋದನ್ನ ಕೆಲವು ವಿದೇಶಿ ಏರ್‌ಲೈನ್‌ಗಳು ಏರ್‌ಪೋರ್ಟ್ ಕೌಂಟರಲ್ಲಿ ಸರಿ ಮಾಡ್ತಾರೆ, ಬುಕ್ ಮಾಡಿದ ಕಾರ್ಡ್ ತೋರಿಸಿ ಅಂತಾರೆ. ನೀವು ಡಲ್ಲಾಸಲ್ಲೋ ದುಬೈಯಲ್ಲೋ ಕೂತು ನಿಮ್ಮ ಕಾರ್ಡಲ್ಲಿ ಮಾಡಿರ್ತೀರಿ, ಅವರು ಬೆಂಗಳೂರು ಏರ್‌ಪೋರ್ಟಲ್ಲಿ ರಾತ್ರಿ ಎರಡು ಗಂಟೆಗೆ ಏನು ತೋರಿಸ್ತಾರೆ ಪಾಪ. ಟಿಕೆಟ್ ಮಾಡಿದ ದಿನವೇ ಏರ್‌ಲೈನಿಗೆ ಕೇಳಿ ಈ ಷರತ್ತು ಇದೆಯಾ ಅಂತ, ಇದ್ರೆ ಏನು ಪತ್ರ ಬೇಕು ಅಂತ ಮೇಲಲ್ಲಿ ಬರೆಸ್ಕೊಳ್ಳಿ. ಕಾರ್ಡ್ ಜೆರಾಕ್ಸ್ ಬೇಕೇ ಬೇಕು ಅಂದ್ರೆ ಮೊದಲ ಆರು, ಕೊನೇ ನಾಲ್ಕು ಅಂಕಿ ಬಿಟ್ಟು ಮಧ್ಯದ್ದು ಅಳಿಸಿ, ಹಿಂದಿನ ಸಿವಿವಿ ಪೂರ್ತಿ ಮುಚ್ಚಿ ಕೊಡಿ.

ಬುಕ್ ಆದ ಮೇಲೆ ಸ್ವಿಚ್ ಯಾವಾಗ ಆಫ್ ಮಾಡೋದು

ಪೂರ್ತಿ ಪೇ ಆಗಿದ್ರೆ ಕನ್ಫರ್ಮೇಶನ್ ಬಂದ ತಕ್ಷಣ. ಪೇ ಆಗಿಲ್ಲ ಅಂದ್ರೆ ಮೊದಲು ಷರತ್ತುಗಳಲ್ಲಿ ದುಡ್ಡು ಯಾವತ್ತು ಎಳೀತಾರೆ ಅಂತ ಓದಿ, ಕೆಲವರು ಫ್ರೀ ಕ್ಯಾನ್ಸಲೇಶನ್ ಮುಗಿದ ಮಾರನೇ ದಿನವೇ ಎಳೀತಾರೆ, ಆವತ್ತು ಸ್ವಿಚ್ ಆಫ್ ಇದ್ರೆ ಕಾರ್ಡ್ ಇನ್‌ವ್ಯಾಲಿಡ್ ಅಂತ ಬುಕಿಂಗ್ ಹಾರಿಹೋಗ್ಬೋದು. ಆ ತಾರೀಖಿಗೆ ಫೋನಲ್ಲಿ ರಿಮೈಂಡರ್ ಇಟ್ಟು, ಆವತ್ತು ಆನ್ ಮಾಡಿ, ಕಟ್ ಆದ ಮೇಲೆ ಆಫ್. ಚೆಕ್ ಇನ್ ಹೊತ್ತಲ್ಲಿ ಡೆಪಾಸಿಟ್ ಅಂತ ಒಂದು ಮೊತ್ತ ತಡೆ ಹಿಡೀತಾರೆ, ಅದು ಖರ್ಚಲ್ಲ, ಹೊರಟ ಮೇಲೆ ತಾನಾಗೇ ಬಿಡುಗಡೆ ಆಗುತ್ತೆ, ಕೆಲವು ಸಲ ವಾರಗಟ್ಟಲೆ ಹಿಡಿಯುತ್ತೆ. ಟ್ರಿಪ್ ಮುಗಿಸಿ ಬಂದ ಮೇಲೂ ಒಂದೆರಡು ಸ್ಟೇಟ್‌ಮೆಂಟ್ ಕಣ್ಣಾಡಿಸಿ, ಮಿನಿಬಾರ್ ಲೆಕ್ಕ ಅಂತ ಆಮೇಲೆ ಸೇರಿಸೋ ಅಭ್ಯಾಸ ಇದೆ.

ನೀವು ಮಾಡದೇ ಇರೋ ಖರ್ಚು ಬಂತು, ಈಗೇನು

ಮೊದಲು ಆಪಲ್ಲಿ ಕಾರ್ಡ್ ಬ್ಲಾಕ್. ಆಮೇಲೆ ಬ್ಯಾಂಕಿಗೆ ತಿಳಿಸಿ, ಫೋನ್ ಮಾಡಿ ಅಷ್ಟಕ್ಕೇ ಬಿಡ್ಬೇಡಿ, ಮೇಲ್ ಅಥವಾ ಆಪ್ ಮೂಲಕ ದೂರು ಹಾಕಿ ನಂಬರ್ ತಗೊಳ್ಳಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಪೆಂಡಿಂಗ್ ಇದೆ, ಸೆಟಲ್ ಆದ ಮೇಲೆ ಡಿಸ್ಪ್ಯೂಟ್ (ತಕರಾರು) ಹಾಕಿ ಅಂತ ಕಾಲ್ ಸೆಂಟರಲ್ಲಿ ಹೇಳ್ತಾರೆ. ಡಿಸ್ಪ್ಯೂಟ್ ಫಾರ್ಮ್ ಆಮೇಲೆ ಹಾಕೋದು ಸರಿ, ಆದ್ರೆ ತಿಳಿಸಿದ ತಾರೀಖು ಇವತ್ತಿನದ್ದೇ ಆಗ್ಬೇಕು, ಗಡಿಯಾರ ಓಡೋಕೆ ಶುರುವಾಗಿದೆ.

ಯಾವ ಗಡಿಯಾರ ಅಂದ್ರೆ ಆರ್‌ಬಿಐ ಜುಲೈ 2017ರ ಸುತ್ತೋಲೆಯದ್ದು. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ (ಹೋಟೆಲಲ್ಲಿ ನಂಬರ್ ಲೀಕ್ ಆಗೋದು ಇದೇ ಜಾತಿ) ಅಂದ್ರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಿಮ್ಮ ಹೊಣೆ ಸೊನ್ನೆ. ಮೆಸೇಜ್ ಬಂದ ದಿನ ಲೆಕ್ಕಕ್ಕಿಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದ್ರೆ, 5 ಲಕ್ಷದವರೆಗೆ ಲಿಮಿಟ್ ಇರೋ ಕ್ರೆಡಿಟ್ ಕಾರ್ಡಿಗೆ ಗರಿಷ್ಠ ₹10,000, ಅದಕ್ಕಿಂತ ದೊಡ್ಡ ಲಿಮಿಟ್ ಇದ್ರೆ ₹25,000 ನಿಮ್ಮ ತಲೆ ಮೇಲೆ. ಏಳು ದಾಟಿದ್ರೆ ಬ್ಯಾಂಕಿನ ಪಾಲಿಸಿ ಏನು ಹೇಳುತ್ತೋ ಅದು. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನ ತಾತ್ಕಾಲಿಕವಾಗಿ ವಾಪಸ್ ಹಾಕ್ಬೇಕು, 90 ದಿನದೊಳಗೆ ಇತ್ಯರ್ಥ ಮಾಡ್ಬೇಕು. ಗ್ರಾಹಕನ ತಪ್ಪು ಅಂತ ಸಾಬೀತು ಮಾಡೋ ಹೊಣೆ ಬ್ಯಾಂಕಿನದ್ದು. ಮೋಸ ಅಂತ ದೂರು ಕೊಟ್ಟ ಮೊತ್ತದ ಮೇಲೆ ತೀರ್ಮಾನ ಆಗೋವರೆಗೆ ಚಾರ್ಜ್ ಹಾಕೋ ಹಾಗೂ ಇಲ್ಲ. ಆದ್ರೆ ನೀವೇ ಓಟಿಪಿ ಕೊಟ್ಟಿದ್ರೆ ಇದ್ಯಾವ್ದೂ ಅನ್ವಯ ಆಗಲ್ಲ, ತಿಳಿಸೋವರೆಗಿನ ನಷ್ಟ ನಿಮ್ಮದು.

ದೂರಲ್ಲಿ ಉದ್ದ ಕಥೆ ಬೇಡ. ಇಂಥ ತಾರೀಖು, ಇಷ್ಟು ಮೊತ್ತ, ಇಂಥ ಹೆಸರಿಗೆ ಹೋಗಿದೆ, ನಾನು ಮಾಡಿಲ್ಲ, ಒಪ್ಪಿಗೆ ಕೊಟ್ಟಿಲ್ಲ, ಓಟಿಪಿ ಬಂದಿಲ್ಲ ಕೊಟ್ಟೂ ಇಲ್ಲ, ಕಾರ್ಡ್ ನನ್ನ ಹತ್ರಾನೇ ಇದೆ, ಚಾರ್ಜ್‌ಬ್ಯಾಕ್ (ಅಂಗಡಿಯವನ ಕಡೆಯಿಂದ ದುಡ್ಡು ವಾಪಸ್ ತರಿಸೋದು) ಹಾಕಿ. ಈ ವ್ಯವಹಾರಕ್ಕೆ ತ್ರೀ ಡಿ ಸೆಕ್ಯೂರ್ ದೃಢೀಕರಣ ಆಗಿದೆಯಾ ತಿಳಿಸಿ ಅಂತ ಒಂದು ಸಾಲು ಸೇರಿಸಿ. ಆಗಿಲ್ಲ ಅಂತಾದ್ರೆ ಮೇಲೆ ಹೇಳಿದ ಹಾಗೆ ನಷ್ಟ ಅಂಗಡಿಯವನದ್ದು, ನಿಮ್ಮ ಬ್ಯಾಂಕಿಗೂ ತನ್ನ ಜೇಬಿಂದ ಹೋಗಲ್ಲ ಅಂತ ಗೊತ್ತು, ಕೆಲಸ ಬೇಗ ಸಾಗುತ್ತೆ.

ಇಲ್ಲೊಂದು ಕಡೆ ಜನ ಎಡವ್ತಾರೆ. ಹೋಟೆಲಿಗೆ ನೀವೇ ಕಾರ್ಡ್ ಕೊಟ್ಟಿದ್ರಿ, ಹೋಗ್ಲಿಲ್ಲ, ಅವರು ನೋ ಶೋ ಅಂತ ಒಂದು ರಾತ್ರಿ ದುಡ್ಡು ಎಳೆದ್ರು. ಇದು ಮೋಸದ ವ್ಯವಹಾರ ಅಲ್ಲ, ಇದನ್ನ ನಾನು ಮಾಡೇ ಇಲ್ಲ ಅಂತ ದೂರು ಹಾಕಿದ್ರೆ ಹೋಟೆಲ್‌ನವರು ಬುಕಿಂಗ್ ದಾಖಲೆ ಕಳಿಸ್ತಾರೆ, ಕೇಸು ಬಿತ್ತು, ಮುಂದಿನ ಸಲ ನಿಮ್ಮ ಮಾತನ್ನೂ ನಂಬಲ್ಲ. ಟೈಮಿಗೆ ಕ್ಯಾನ್ಸಲ್ ಮಾಡಿದ್ರೂ ಎಳೆದ್ರು ಅಂದ್ರೆ ಕ್ಯಾನ್ಸಲ್ ಆದ ಬುಕಿಂಗ್ ಅನ್ನೋ ವಿಭಾಗ, ರೂಮೇ ಕೊಡ್ಲಿಲ್ಲ ಅಂದ್ರೆ ಸೇವೆ ಸಿಗ್ಲಿಲ್ಲ ಅನ್ನೋ ವಿಭಾಗ, ಹೇಳಿದ್ದಕ್ಕಿಂತ ಜಾಸ್ತಿ ಎಳೆದ್ರೆ ಮೊತ್ತದ ವ್ಯತ್ಯಾಸ. ಕ್ಯಾನ್ಸಲೇಶನ್ ಮೇಲ್ ಇದಕ್ಕೇ ಬೇಕಾಗೋದು, ಡಿಲೀಟ್ ಮಾಡ್ಬೇಡಿ.

ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಥವಾ ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲಲ್ಲಿ ದೂರು ಹಾಕಿ, ಆ ರಸೀದಿ ಬ್ಯಾಂಕಿಗೆ ಕಳಿಸಿ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಥವಾ ಕೊಟ್ಟ ಉತ್ತರ ಸರಿ ಇಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕ್ ಮೇಲಿನ ದೂರು ಕೇಳೋ ಅಧಿಕಾರಿ) ಪೋರ್ಟಲ್, ಫೀಸ್ ಇಲ್ಲ, ವಕೀಲರೂ ಬೇಕಿಲ್ಲ.

ಅಮೆರಿಕದಲ್ಲಿರೋ ನಮ್ಮವರಿಗೆ ಕಾನೂನು ಬೇರೆ, ಅಲ್ಲಿ ಕ್ರೆಡಿಟ್ ಕಾರ್ಡಿನ ಅನಧಿಕೃತ ಬಳಕೆಗೆ ಕಾನೂನು ಪ್ರಕಾರ ನಿಮ್ಮ ಹೊಣೆ ಜಾಸ್ತಿ ಅಂದ್ರೆ 50 ಡಾಲರ್, ಬಿಲ್ಲಿನ ತಪ್ಪಿಗೆ ತಕರಾರು ಮೊದಲ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬರವಣಿಗೆಯಲ್ಲಿ ಹೋಗ್ಬೇಕು.

ಹೋಮ್‌ಸ್ಟೇ ನಡೆಸೋರಿಗೆ

ಕೊಡಗು, ಚಿಕ್ಕಮಗಳೂರು, ಗೋಕರ್ಣ ಕಡೆ ವಿದೇಶಿ ಗೆಸ್ಟ್‌ಗಳನ್ನ ತಗೊಳ್ಳೋರು ಇದನ್ನ ಉಲ್ಟಾ ಕಡೆಯಿಂದ ನೋಡ್ಬೇಕು, ಯಾಕಂದ್ರೆ ಸಡಿಲ ವೆರಿಫಿಕೇಶನ್‌ನಲ್ಲಿ ದುಡ್ಡು ಕಳ್ಕೊಳ್ಳೋರು ನೀವು. ಕದ್ದ ಕಾರ್ಡಲ್ಲಿ ಬುಕ್ ಆಗುತ್ತೆ, ಗೆಸ್ಟ್ ಬಂದು ಇದ್ದು ಹೋಗ್ತಾರೆ, ಮೂರು ತಿಂಗಳಾದ ಮೇಲೆ ಅಸಲಿ ಕಾರ್ಡಿನವರು ದೂರು ಕೊಟ್ಟು ದುಡ್ಡು ನಿಮ್ಮ ಖಾತೆಯಿಂದ ವಾಪಸ್ ಹೋಗುತ್ತೆ. ಕಾರ್ಡ್ ಕಂಪನಿಗಳು ಇಂಥ ದೂರಿಗೆ ಸಾಮಾನ್ಯವಾಗಿ 120 ದಿನ ಕೊಡ್ತಾವೆ.

ಪೇಮೆಂಟ್ ಗೇಟ್‌ವೇ (ಆನ್‌ಲೈನಲ್ಲಿ ಕಾರ್ಡ್ ದುಡ್ಡು ತಗೊಂಡು ನಿಮಗೆ ತಲುಪಿಸೋ ಸೇವೆ) ತಗೊಳ್ಳುವಾಗ ವಿದೇಶಿ ಕಾರ್ಡಿಗೂ ತ್ರೀ ಡಿ ಸೆಕ್ಯೂರ್ ಕಡ್ಡಾಯ ಮಾಡಿ ಅಂತ ಹೇಳಿ, ಒಂದಿಷ್ಟು ಬುಕಿಂಗ್ ತಪ್ಪುತ್ತೆ, ತಪ್ಪಲಿ. ಫೋನಲ್ಲಿ ನಂಬರ್ ಕೇಳಿ ಕೈಯಾರೆ ಒತ್ತಬೇಡಿ. ಮೇಲಲ್ಲಿ ಬರೋ ಇನ್ನೊಂದು ಆಟ ಹಳೇದು, ಆದ್ರೂ ಇನ್ನೂ ಓಡ್ತಾನೇ ಇದೆ. ಹತ್ತು ಜನರ ಗುಂಪು, ಎಂಟು ದಿನ ಇರ್ತೀವಿ, ರೇಟಲ್ಲಿ ಚೌಕಾಸಿನೇ ಇಲ್ಲ, ಕಾರ್ಡಲ್ಲಿ ಬಾಡಿಗೆಗಿಂತ ಜಾಸ್ತಿ ಹಾಕ್ತೀವಿ, ಹೆಚ್ಚಿನದ್ದನ್ನ ನಮ್ಮ ಟ್ರಾವೆಲ್ ಏಜೆಂಟ್ ಖಾತೆಗೆ ಕಳಿಸಿಬಿಡಿ ಅಂತ ಬರೀತಾರೆ. ಕಾರ್ಡ್ ಕದ್ದದ್ದು, ಏಜೆಂಟ್ ಅವರವನೇ. ನೀವು ಕಳಿಸಿದ್ದು ನಿಮ್ಮ ಸ್ವಂತ ದುಡ್ಡು, ಕಾರ್ಡಲ್ಲಿ ಬಂದದ್ದು ಆಮೇಲೆ ವಾಪಸ್ ಹೋಗುತ್ತೆ, ಗೆಸ್ಟ್ ಯಾರೂ ಬರೋದೇ ಇಲ್ಲ. ರೀಫಂಡ್ ಅಂದ್ರೆ ಯಾವ ಕಾರ್ಡಿಂದ ಬಂತೋ ಅದೇ ಕಾರ್ಡಿಗೆ, ಯುಪಿಐಗೂ ಇಲ್ಲ, ಡ್ರೈವರ್ ಕೈಗೂ ಇಲ್ಲ ಅಂತ ವೆಬ್‌ಸೈಟಲ್ಲೇ ಬರೆದಿಡಿ. ಚೆಕ್ ಇನ್‌ನಲ್ಲಿ ಪಾಸ್‌ಪೋರ್ಟ್ ಹೆಸರು, ಕಾರ್ಡಿನ ಹೆಸರು ತಾಳೆ ನೋಡಿ, ವಿದೇಶಿಯರು ಉಳ್ಕೊಂಡ್ರೆ ಹೇಗೂ ಸರ್ಕಾರಕ್ಕೆ ಅವರ ವಿವರ ಕೊಡೋ ಫಾರ್ಮ್ ತುಂಬಲೇಬೇಕಲ್ಲ, ಆ ಪ್ರತಿ ಮತ್ತೆ ಸಹಿ ಹಾಕಿಸಿದ ಬಿಲ್ಲು ಜೊತೆಗಿಟ್ಕೊಂಡಿದ್ರೆ ಸೇವೆ ಸಿಗ್ಲಿಲ್ಲ ಅಂತ ಯಾರಾದ್ರೂ ಸುಳ್ಳು ದೂರು ಹಾಕಿದಾಗ ಗೇಟ್‌ವೇಯವರಿಗೆ ಅದನ್ನೇ ಕಳಿಸ್ಬೋದು.